ಅರಿಶಿನ ಹಾಲು ಕುಡಿಯುವವರು ಇದನ್ನು ಗಮನಿಸಿ

ಅರಿಶಿನ ಕುಡಿದರೆ ಸಾಕು, ಹೊಟ್ಟೆಯ ಬೊಜ್ಜು ಕರಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ, ಅದೊಂದರಿಂದಲೇ ಬೊಜ್ಜು ಕರಗುವುದಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ಅಂಶ ಪುಡಿಯ ತೂಕದಲ್ಲಿ ಸುಮಾರು 3% ಮಾತ್ರ, ಅದೂ ನೀರಿನಲ್ಲಿ ಕರಗದು. ಬೆಳಗ್ಗೆ ಬರೀ ಬಿಸಿನೀರಿಗೆ ಕದಡಿ ಕುಡಿದರೆ ಮೈಗೆ ಹತ್ತುವುದು ಬಹಳ ಕಡಿಮೆ.

ಒಂದು ಲೋಟ ಹಾಲಿಗೆ ಕಾಲು ಟೀ ಚಮಚ ಅರಿಶಿನ, ಕುಟ್ಟಿದ ಎರಡು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಹಾಲಿನ ಜಿಡ್ಡು, ಮೆಣಸಿನ ಖಾರದ ಅಂಶವಾದ ಪೈಪರಿನ್ ಎರಡೂ ಕರ್ಕ್ಯುಮಿನ್ ಹೀರಿಕೆಗೆ ನೆರವಾಗುತ್ತವೆ. ಕುದಿಸದೆ ಮೇಲಿಂದ ಉದುರಿಸಿದರೆ ಹಸಿ ವಾಸನೆ, ತಳದಲ್ಲಿ ಗಷ್ಟು. ಬೆಲ್ಲ ಹಾಕಿ ಕುದಿಸಿದರಂತೂ ಹಾಲು ಒಡೆಯಬಹುದು. ತೂಕ ಇಳಿಸುವವರು ಸಿಹಿಯನ್ನೇ ಬಿಡಿ. ಎರಡು ಚಮಚ ಸಕ್ಕರೆಗೆ ಸುಮಾರು 40 ಕ್ಯಾಲೊರಿ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಕರ್ಕ್ಯುಮಿನ್ ಕ್ಯಾಪ್ಸೂಲ್ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಸಾರು-ಪಲ್ಯದ ಅರಿಶಿನಕ್ಕೆ ಅಷ್ಟು ಹೆದರಬೇಕಿಲ್ಲ.