ಊರ ಬಂಡೆಯಿಂದ ದೇಶದ ಇತಿಹಾಸ ಓದಿದ್ದು: ನನ್ನ ಅನುಭವ

ಗಂಗಾವತಿಯ ನಮ್ಮ ಭಾನುವಾರದ ಓದಿನ ಗುಂಪು ಈಗ ಗಟ್ಟಿಯಾಗಿ ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಭಾರತದ ಇತಿಹಾಸವನ್ನು ಸಿಂಧೂ ಕಣಿವೆಯಿಂದಲ್ಲ, ಕೊಪ್ಪಳದ ಗುಡ್ಡದಿಂದ ಶುರು ಮಾಡ್ತೀವಿ ಅಂದಾಗ ನಿವೃತ್ತ ಮೇಷ್ಟ್ರೊಬ್ಬರು "ಬುಡ ಬಿಟ್ಟು ನಡುವ ಹಿಡಿದ್ರ ಏನ್ ತಿಳಿತೈತ್ರಿ?" ಎಂದಿದ್ದರು. ಈಗ ಎಲ್ಲರಿಗಿಂತ ಮೊದಲು ಬಂದು ಕೂರುವವರು ಅವರೇ.

ಮೊದಲು ಎಲ್ಲರಂತೆ ನಾವೂ ಕಾಲಾನುಕ್ರಮದಲ್ಲೇ ಓದಿದೆವು. ದಪ್ಪ ಸಂಪುಟಗಳ ಸೆಟ್ ತರಿಸಿದೆವು, ಎಂಟೊಂಬತ್ತು ಸಾವಿರ ಹೋಯಿತು. ಹರಪ್ಪ ಮುಗಿಯಿತು, ವೇದಕಾಲ ಮುಗಿಯಿತು. ಗುಪ್ತರ ಹೊತ್ತಿಗೆ ಭತ್ತದ ಕೊಯ್ಲು ಬಂತು, ಅರ್ಧ ಜನ ನಾಪತ್ತೆ. ನಮ್ಮಲ್ಲಿ ರೈಸ್ ಮಿಲ್ಲಿನ ಲೆಕ್ಕದವರು, ಗೊಬ್ಬರದ ಅಂಗಡಿಯವರು, ರೈತರೇ ಜಾಸ್ತಿ. ಎರಡು ತಿಂಗಳು ಬಿಟ್ಟು ಬಂದರೆ ಅವರಿಗೆ ಹಿಂದಿನದು ನೆನಪಿರುವುದಿಲ್ಲ. ಆಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ಉಪನ್ಯಾಸ ಇಡಿಸಿದೆವು. ಜನ ಬಂದರು, ಕೇಳಿದರು, ಚಹಾ ಕುಡಿದು ಹೋದರು. ಪುಸ್ತಕ ಮಾತ್ರ ಯಾರೂ ಮುಟ್ಟಲಿಲ್ಲ. ಎಲ್ಲ ಸೇರಿ ಹದಿನೈದು ಸಾವಿರದ ಮೇಲೆ ಖರ್ಚಾಗಿತ್ತು.

ದಾರಿ ಸಿಕ್ಕಿದ್ದು ಕೊಪ್ಪಳದ ಗವಿಮಠದ ಬಂಡೆಯಲ್ಲಿ. ಅಲ್ಲಿನ ಅಶೋಕನ ಕಿರು ಶಾಸನದ ಕನ್ನಡ ಅನುವಾದ ಒಂದೇ ಹಾಳೆ. ಝೆರಾಕ್ಸ್ ಮಾಡಿಸಿ ಹಂಚಿ, ಬಂಡೆಯ ಹತ್ತಿರವೇ ಕೂತು ಓದಿದೆವು. ಮುಂದಿನ ವಾರ ಪಾಲ್ಕಿಗುಂಡು. ಅಲ್ಲಿಂದ ರಾಯಚೂರು ಜಿಲ್ಲೆಯ ಮಸ್ಕಿ. ವಿಷಯ ಹೆಚ್ಚುಕಡಿಮೆ ಅದೇ, ಆದರೆ ಮಸ್ಕಿಯಲ್ಲಿ ಅಶೋಕ ಅನ್ನುವ ಹೆಸರೇ ಇದೆ. 1915ರಲ್ಲಿ ಅದನ್ನು ಕಂಡವರು ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ಅದಕ್ಕೂ ಮೊದಲು, ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನಿಂದ ಬರುವ ರಾಜನೇ ಅಶೋಕ ಎನ್ನಲು ಸಿಂಹಳದ ಗ್ರಂಥಗಳ ಆಸರೆ ಬೇಕಿತ್ತು. ನಮ್ಮ ರಾಜ್ಯದಲ್ಲಿ ಹೆಸರಿರುವ ಇನ್ನೆರಡು ಬಂಡೆಗಳು ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿವೆ.

ಇಷ್ಟಾದ ಮೇಲೆ ದೇಶ ತಾನಾಗಿಯೇ ತೆರೆದುಕೊಂಡಿತು. ಇದೇ ಶಾಸನ ಮಧ್ಯಪ್ರದೇಶದ ರೂಪನಾಥದಲ್ಲಿದೆ, ಬಿಹಾರದ ಸಹಸ್ರಾಮ್‌ನಲ್ಲಿದೆ, ರಾಜಸ್ಥಾನದ ಬೈರಾಟ್‌ನಲ್ಲಿದೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಂತೂ ಚಪಡ ಎಂಬ ಲಿಪಿಕಾರ ಕೊನೆಗೆ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಈಗಿನ ಪಾಕಿಸ್ತಾನದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಆ ಸೀಮೆಯ ಬರವಣಿಗೆ ಬಲ್ಲವನು ಇಷ್ಟು ದೂರ ನಮ್ಮ ಕಡೆಗೆ ಯಾಕೆ ಬಂದ? ಈ ಪ್ರಶ್ನೆ ಎದ್ದ ವಾರವೇ ಮೌರ್ಯರ ಸಂಪುಟಕ್ಕೆ ಮೂರು ಜನ ಕೈ ಚಾಚಿದರು. ಮೊದಲು ಧೂಳು ಹಿಡಿದಿದ್ದು ಅದೇ ಸಂಪುಟ.

ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಟಿಪ್ಪಣಿ ಬೇಡ, ಖಾತೆ ಪುಸ್ತಕದಲ್ಲೇ ಕಾಲಂ ಹಾಕೋಣ ಅಂದೆ. ಹೇಳುವವರು ಯಾರು, ಯಾರಿಗೆ ಹೇಳಿದ್ದು, ಘಟನೆಯಾದ ಎಷ್ಟು ವರ್ಷಕ್ಕೆ ಬರೆದದ್ದು, ದುಡ್ಡು ಕಾಳು ಯಾರಿಂದ ಯಾರಿಗೆ ಹೋಯಿತು. ಐದನೇ ಕಾಲಂ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಗುಂಪಿನ ಜೀವ ಇರುವುದೇ ಅದರಲ್ಲಿ.

ದಾನಶಾಸನ ಓದುವಾಗ ಪ್ರಶಸ್ತಿ ಭಾಗ, ಅಂದರೆ ರಾಜನ ಹೊಗಳಿಕೆ ದಾಟಿಸಿ, ನೇರ ದತ್ತಿಯ ಭಾಗಕ್ಕೆ ಹೋಗುತ್ತೇವೆ. ಎಷ್ಟು ಮತ್ತರು ಭೂಮಿ, ಎಷ್ಟು ಗದ್ಯಾಣ ಅಂದರೆ ಚಿನ್ನದ ನಾಣ್ಯ, ದೀಪಕ್ಕೆ ಯಾವ ಗಾಣದ ಎಣ್ಣೆ. ಮತ್ತರಿನ ಅಳತೆ ಊರಿನ ಅಳತೆಕೋಲಿನ ಮೇಲೆ ಬದಲಾಗುತ್ತಿತ್ತು ಅಂದ ದಿನ ನಮ್ಮ ರೈತರು ರಾತ್ರಿ ಎಂಟಾದರೂ ಏಳಲಿಲ್ಲ. ರಾಜನ ಬಿರುದು ಆಮೇಲೆ ಓದಿದರೂ ನಡೆಯುತ್ತದೆ. ಇಟಗಿಯ ಮಹಾದೇವ ಗುಡಿ 1112ರದ್ದು, ಅದರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಹೊಗಳುತ್ತದೆ. ಆ ಹೊಗಳಿಕೆ ಎಲ್ಲರಿಗೂ ಗೊತ್ತು. ಗುಡಿ ನಡೆಸಲು ಏನೇನು ಬೇಕಿತ್ತು ಅನ್ನುವುದು ದತ್ತಿ ಓದಿದವರಿಗೇ ಗೊತ್ತು.

ಖಾತೆಯ ನಿಜವಾದ ಬಲ ತಿಳಿದದ್ದು ರಾಯಚೂರು ಕೋಟೆಯಲ್ಲಿ. ವಿಜಯನಗರಕ್ಕೂ ಬಿಜಾಪುರಕ್ಕೂ ಅಲ್ಲಿ ನಡೆದ 1520ರ ಯುದ್ಧವನ್ನು ಎರಡು ಕಡೆಯಿಂದ ಓದಿದೆವು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ನ್ಯೂನಿಜ್ ಸುಮಾರು ಹದಿನೈದು ವರ್ಷದ ನಂತರ ಬರೆದವನು. ಕೃಷ್ಣದೇವರಾಯನ ಕಡೆ ಏಳು ಲಕ್ಷ ಕಾಲಾಳು ಎನ್ನುತ್ತಾನೆ, ತನ್ನ ನಾಡಿನ ಬಂದೂಕುಗಾರರನ್ನೂ ಮೆಚ್ಚುತ್ತಾನೆ. ಬಿಜಾಪುರದ ಆಶ್ರಯದಲ್ಲಿ ಬರೆದ ಇತಿಹಾಸಕಾರ ಫೆರಿಸ್ತಾ ಎಂಬತ್ತು ವರ್ಷಕ್ಕೂ ಹೆಚ್ಚು ನಂತರದವನು. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕುಡಿದ ಅಮಲಿನಲ್ಲಿ ಕೃಷ್ಣೆ ದಾಟಿದ್ದರಿಂದ ಸೋಲಾಯಿತು ಎಂಬುದು ಅವನ ಮಾತು. ಎರಡನ್ನೂ ಅಕ್ಕಪಕ್ಕ ಬರೆದುಕೊಂಡ ಒಬ್ಬ ಡಿಗ್ರಿ ಹುಡುಗ "ಸರ, ಇಬ್ರೂ ತಮ್ಮವರ ಮರ್ಯಾದಿ ಉಳಿಸ್ಯಾರ" ಅಂದ. ಏಳು ಲಕ್ಷ ಜನರಿಗೆ ದಿನಕ್ಕೆ ಎಷ್ಟು ಕಾಳು ಬೇಕು ಅಂತ ನಾನು ಲೆಕ್ಕ ಹಾಕಿ ತೋರಿಸಿದೆ. ಆ ಸಂಖ್ಯೆಯನ್ನು ಈಗ ನಮ್ಮಲ್ಲಿ ಯಾರೂ ಸುಮ್ನೆ ಒಪ್ಪುವುದಿಲ್ಲ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆವು. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ನಮ್ಮ ಸೀಮೆಯ ಇಂಥ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ರಾಶಿ ಎಂಬುದು ಪುರಾತತ್ವದವರ ತೀರ್ಮಾನ. ಓದಿ ಸುಮ್ಮನಿರಲು ಆಗಲಿಲ್ಲ. ಒಂದು ಟ್ರ್ಯಾಕ್ಟರ್ ಒಣ ಸಗಣಿ ತಂದು ಹೊಲದಲ್ಲಿ ಸುಟ್ಟೆವು, ಎರಡು ಸಾವಿರದಷ್ಟು ಖರ್ಚಾಯಿತು. ಮೆತ್ತನೆ ಬೂದಿ ಬಂತು, ದಿಬ್ಬದಲ್ಲಿ ಸಿಗುವ ಗಾಜಿನಂಥ ಗಟ್ಟಿ ಬರಲಿಲ್ಲ. ರಾಶಿ ಇನ್ನೂ ದೊಡ್ಡದಿರಬೇಕು, ಬೆಂಕಿಯ ಕಾವೂ ಹೆಚ್ಚಿರಬೇಕು. ಬೇಸಿಗೆಯಲ್ಲಿ ಮತ್ತೆ ಮಾಡುತ್ತೇವೆ.

ಈಗ ಖರ್ಚು ತೀರ ಕಡಿಮೆ. ತಿಂಗಳಿಗೆ ಝೆರಾಕ್ಸ್, ಚಹಾ ಸೇರಿ ಐನೂರು, ಆರುನೂರು. ಕಾರು ಬಿಟ್ಟು ಸರ್ಕಾರಿ ಬಸ್ಸಿನಲ್ಲೇ ಹೋಗುತ್ತೇವೆ. ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟ ಕೈಯಲ್ಲಿದ್ದರೆ ವರ್ಷಗಟ್ಟಲೆ ಓದಬಹುದು. ಆರೇಳು ಜನ ಇದ್ದದ್ದು ಇಪ್ಪತ್ತು ದಾಟಿದೆ, ಕೊಯ್ಲಿನಲ್ಲೂ ಹತ್ತು ಜನ ಬರುತ್ತಾರೆ.

ಸದ್ಯ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಕಾಲದ ಓದು ನಡೆಯುತ್ತಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ತುಂಗಭದ್ರಾ ಹೊಳೆಯ ಆ ಕಡೆ ಮನ್ರೋನ ರೈತವಾರಿ, ಅಂದರೆ ರೈತನಿಂದಲೇ ನೇರ ಕಂದಾಯ, ಈ ಕಡೆ ನಿಜಾಮನ ಆಡಳಿತ. ಒಂದೇ ಹೊಳೆ, ಎರಡು ಥರದ ಕಂದಾಯ. ಇದನ್ನು ಪುಸ್ತಕದ ಜೊತೆ ಮನೆಯ ಹಳೇ ಹೊಲದ ಕಾಗದಗಳಲ್ಲೂ ಓದುತ್ತಿದ್ದೇವೆ. ಈ ಕಡೆಯವು ಹೆಚ್ಚಾಗಿ ಉರ್ದುವಿನಲ್ಲಿವೆ, ಓದಿಕೊಡಲು ಹಿರಿಯರೊಬ್ಬರು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲೂ ಇದ್ದರೆ ಬನ್ನಿ. ಝೆರಾಕ್ಸ್ ತನ್ನಿ, ಮೂಲ ಪ್ರತಿ ಮನೆಯಲ್ಲೇ ಇರಲಿ.