ಓಆರ್‌ಎಸ್ ಹೇಗೆ ಕಲಸಿದ್ರಿ ಅಂತ ಕೇಳೋದನ್ನ ನಾನು ಕಲ್ತಿದ್ದು

ತಾಲ್ಲೂಕು ಆಸ್ಪತ್ರೆಲಿ ಮಕ್ಕಳನ್ನ ನೋಡ್ತಾ ವರ್ಷಗಳೇ ಆದ್ವು, ವಾಂತಿಭೇದಿ ಅಂತ ಬಂದ ಮಗುಗೆ ಲ್ಯಾಬ್ ಚೀಟಿ ಬರೆಯೋದು ನಾನು ತೀರಾ ಕಡಿಮೆ. ಮೊದ್ಲು ಮಗುನ ನೋಡ್ತೀನಿ, ಕಣ್ಣು ಗುಳಿ ಬಿದ್ದಿದ್ಯಾ, ಹೊಟ್ಟೆ ಚರ್ಮ ಚಿವುಟಿ ಬಿಟ್ರೆ ತಕ್ಷಣ ಸರಿಹೋಗುತ್ತಾ, ನೀರು ಹಿಡಿದ್ರೆ ಗಟಗಟ ಕುಡಿಯುತ್ತಾ ಇಲ್ಲಾ ಕುಡಿಯೋಕೂ ಆಗ್ದೆ ಜೋತು ಬಿದ್ದಿದ್ಯಾ. ಆಮೇಲೆ ಎರಡು ಪ್ರಶ್ನೆ: ಭೇದಿಲಿ ರಕ್ತ ಇದ್ಯಾ, ಕೊನೆಗೆ ಉಚ್ಚೆ ಹೊಯ್ದಿದ್ದು ಯಾವಾಗ. ರಕ್ತ ಇದ್ರೆ ಆಂಟಿಬಯೋಟಿಕ್ ಬೇಕು. ಬರೀ ನೀರಿನ ಥರ ಹೋಗ್ತಿದ್ರೆ ಹೆಚ್ಚಾಗಿ ವೈರಸ್ಸೇ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡಲ್ಲ.

ಮೂರನೇ ಪ್ರಶ್ನೆ ಕಲಿಸಿದ್ದು ಒಂದು 11 ತಿಂಗಳ ಪಾಪು, 8 ಕೆಜಿ. ಹಿಂದಿನ ದಿನ ನಾನೇ ಓಆರ್‌ಎಸ್, ಅಂದ್ರೆ ನೀರಿಗೆ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ, ಕೊಟ್ಟು ಕಳಿಸಿದ್ದೆ. ಮಾರನೇ ದಿನ ವಾಪಸ್ ಬಂತು, ಒಂದೇ ಸಮನೆ ಕೀರಲು ಅಳು, ಎಷ್ಟು ಕುಡಿದ್ರೂ ದಾಹ ತೀರ್ತಿಲ್ಲ, ಚರ್ಮ ಮುಟ್ಟಿದ್ರೆ ಕಲಸಿದ ಹಿಟ್ಟಿನ ಥರ. ಹೇಗೆ ಕಲಸಿದ್ರಮ್ಮ ಅಂದೆ. "ಒಂದು ಲೋಟಕ್ಕೆ ಪೂರ್ತಿ ಪ್ಯಾಕೆಟ್ ಹಾಕ್ದೆ ಮೇಡಂ, ಗಟ್ಟಿ ಇದ್ರೆ ಬೇಗ ವಾಸಿಯಾಗುತ್ತೆ ಅಂತ." 1 ಲೀಟರ್ ನೀರಿಗೆ ಹಾಕೋ ಪ್ಯಾಕೆಟ್ ಅದು! ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಏರಿತ್ತು, ಜಿಲ್ಲಾಸ್ಪತ್ರೆಗೆ ಕಳಿಸ್ದೆ, ಅಲ್ಲಿ ನಿಧಾನವಾಗಿ ಇಳಿಸಿದ್ರು, ಮಗು ಉಳೀತು. ಆ ತಾಯಿದೇನೂ ತಪ್ಪಿಲ್ಲ, ಕಲಸಿ ತೋರಿಸ್ದೆ ಕಳಿಸಿದ್ದು ನಾನು.

ಅವತ್ತಿಂದ ಟೇಬಲ್ ಮೇಲೆ 1 ಲೀಟರ್ ಬಾಟ್ಲಿ ಇಟ್ಟಿದೀನಿ, ಅಮ್ಮನ ಕೈಲೇ ಕಲಸಿಸ್ತೀನಿ. ನೀರಿನಂಶ ಸ್ವಲ್ಪ ಕಮ್ಮಿಯಾದ ಮಗುಗೆ ಕೆಜಿಗೆ 75 ಎಂಎಲ್ ಲೆಕ್ಕ, ಅಂದ್ರೆ 8 ಕೆಜಿಗೆ 4 ಗಂಟೆಲಿ 600 ಎಂಎಲ್, ನಮ್ಮ ಕಣ್ಣೆದುರೇ ಬೆಂಚ್ ಮೇಲೆ ಕೂತು ಚಮಚ ಚಮಚ ಕುಡಿಸ್ಬೇಕು. ವಾಂತಿ ಮಾಡಿದ್ರೆ 10 ನಿಮಿಷ ಬಿಟ್ಟು ಮತ್ತೆ ಶುರು, ಇನ್ನೂ ನಿಧಾನಕ್ಕೆ. "ಬಾಟ್ಲಿ ಹಾಕ್ಬಿಡಿ ಡಾಕ್ಟ್ರಮ್ಮ" ಅಂತ ಅಜ್ಜಿಯಂದಿರು ಪಟ್ಟು ಹಿಡೀತಾರೆ, ಆದ್ರೆ ಡ್ರಿಪ್ಪು ಕುಡಿಯೋಕೇ ಆಗ್ದಷ್ಟು ಸುಸ್ತಾದ ಮಗುಗೆ. ಎದೆಹಾಲು, ಮೆತ್ತಗಿನ ಅನ್ನ ನಿಲ್ಲಿಸೋದು ಬೇಡ, ಭೇದಿ ನಿಲ್ಲೋ ಮಾತ್ರೆನೂ ಮಕ್ಕಳಿಗೆ ಬೇಡವೇ ಬೇಡ.

ಇನ್ನು ಭೇದಿಗೆ ಓಆರ್‌ಎಸ್ ಜೊತೆ ಕೊಡೋ ಜಿಂಕ್ ಮಾತ್ರೆ, 6 ತಿಂಗಳು ದಾಟಿದ ಮಗುಗೆ ದಿನಕ್ಕೆ 20 ಎಂಜಿ, 14 ದಿನ. ಮೂರನೇ ದಿನ ಭೇದಿ ನಿಂತ ತಕ್ಷಣ ಮಾತ್ರೆ ಗೂಡಿಗೆ ಸೇರ್ಬಿಡುತ್ತೆ, ಅದಕ್ಕೇ 15ನೇ ದಿನ ಖಾಲಿ ಶೀಟ್ ತಂದು ತೋರಿಸಿ ಅಂತೀನಿ, ಸುಮಾರು ಜನ ತರ್ತಾರೆ.