ಸೂಳೆಕೆರೆಯ ಹಿನ್ನೀರಿನಲ್ಲಿ ಹಕ್ಕಿ ನೋಡಲು ಕಲಿತದ್ದು

ಚನ್ನಗಿರಿ ತಾಲ್ಲೂಕಿನಲ್ಲಿರುವ ನಮ್ಮ ಅಡಿಕೆ ತೋಟದ ಹಳೆಯ ಮನೆಯಲ್ಲಿ ಎರಡು ಕೋಣೆಗಳನ್ನು ದುರಸ್ತಿ ಮಾಡಿಸಿ, ರಜೆಗೆಂದು ಬರುವ ಕುಟುಂಬಗಳಿಗೆ ಬಾಡಿಗೆಗೆ ಕೊಡತೊಡಗಿದಾಗ, ಹತ್ತಿರದಲ್ಲಿ ನೋಡುವಂಥದ್ದು ಏನಿದೆ ಎಂಬ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ಸೂಳೆಕೆರೆಯೊಂದೇ. ಕಡತಗಳಲ್ಲಿ ಅದರ ಹೆಸರು ಶಾಂತಿಸಾಗರ. ನಮ್ಮ ಬಾಯಲ್ಲಿ ಇಂದಿಗೂ ಸೂಳೆಕೆರೆ. ಅತಿಥಿಗಳು ತಿಂಡಿ ಮುಗಿಸಿ ಹನ್ನೊಂದು ಗಂಟೆಗೆ ಏರಿಯ ಮೇಲೆ ನಿಂತು, ದೂರದಲ್ಲಿ ಕಪ್ಪು ಚುಕ್ಕೆಗಳಂತೆ ತೇಲುವ ಹಕ್ಕಿಗಳನ್ನು ನೋಡಿ, ಫೋಟೋ ತೆಗೆದುಕೊಂಡು ಮರಳುತ್ತಿದ್ದರು. ಆ ಚುಕ್ಕೆಗಳ ಹೆಸರು ನನಗೂ ತಿಳಿದಿರಲಿಲ್ಲ. ಬಿಳಿಯದೆಲ್ಲ ಬೆಳ್ಳಕ್ಕಿ, ಕಪ್ಪಗಿದ್ದದ್ದೆಲ್ಲ ನೀರುಕಾಗೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ.

ಆಗ ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಮಸೂರದ ದುರ್ಬೀನೊಂದನ್ನು ಕೊಂಡೆ. ಅಂಗಡಿಯವರು ಹತ್ತು ಪಟ್ಟಿನದನ್ನು ಒತ್ತಾಯಿಸಿದರು. ಆದರೆ ಪಟ್ಟು ಹೆಚ್ಚಿದಂತೆ ಕೈಯ ನಡುಕವೂ ಹಿಗ್ಗಿ ಕಾಣುವುದರಿಂದ, ಹೊಸಬರಿಗೆ ಎಂಟೇ ಸಾಕೆಂಬುದು ಈಗಲೂ ನನ್ನ ಅಭಿಪ್ರಾಯ. ಒಂದು ವರ್ಷದ ಮಟ್ಟಿಗೆ ಬೇರೆಲ್ಲಿಗೂ ಹೋಗದೆ ಕೆರೆಯ ಅಂಚಿನಲ್ಲೇ ವಾರಕ್ಕೆರಡು ಸಲ ನಡೆದು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಟ್ಟೆ. ಬಣ್ಣಕ್ಕಿಂತ ನಡವಳಿಕೆಯಿಂದ ಗುರುತಿಸುವುದು ಸುಲಭವೆಂದು ಅಲ್ಲಿ ತಿಳಿಯಿತು. ಮುಳುಗಿ ಇನ್ನೆಲ್ಲೋ ಏಳುವ ಚಿಕ್ಕದು ಗುಳುಮುಳುಕ. ಹಾರುವ ಮುನ್ನ ನೀರಿನ ಮೇಲೆ ಓಡುವ, ಹಣೆಯಲ್ಲಿ ಬಿಳಿ ನಾಮವುಳ್ಳದ್ದು ನಾಮದ ಕೋಳಿ. ನೀರುಕಾಗೆ, ಹಾವಕ್ಕಿಗಳೆರಡೂ ಮೈ ಮುಳುಗಿಸಿ ಈಜುತ್ತವೆ, ಎರಡೂ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಆದರೆ ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದರೆ ಹಾವಕ್ಕಿಯದು ಭರ್ಜಿಯಂತೆ ನೇರ. ನನ್ನ ಹಳೆಯ "ಬೆಳ್ಳಕ್ಕಿ"ಯೊಳಗೂ ಕಪ್ಪು ಕೊಕ್ಕು, ಹಳದಿ ಪಾದಗಳ ಒಂದು ಜಾತಿ, ದನಗಳ ಹಿಂದೆ ಅಲೆಯುವ ಹಳದಿ ಕೊಕ್ಕಿನ ಇನ್ನೊಂದು ಜಾತಿ ಬೇರೆಯಾದವು.

ಆದರೂ ಮೊದಲ ನಾಲ್ಕು ತಿಂಗಳು ತಪ್ಪು ಜಾಗದಲ್ಲಿ ನಿಂತಿದ್ದೆ. ತೆಪ್ಪದಿಂದ ಬಲೆ ಎತ್ತುತ್ತಿದ್ದ ಹಿರಿಯರೊಬ್ಬರು ನನ್ನನ್ನು ಹಲವು ದಿನ ಗಮನಿಸಿ, "ಏರಿ ಕಡೆ ಆಳ ಐತಿ ತಮ್ಮಾ, ಅಲ್ಲೇನು ತಿಂತಾವ ಅವು? ಹಿನ್ನೀರಿಗೆ ಹೋಗು. ಆ ಬಿಳಿ ಅಂಗಿ ಬಿಚ್ಚಿಟ್ಟು ಹೋಗು" ಎಂದರು. ಕೆರೆಗೆ ನೀರು ಬಂದು ಸೇರುವ ಮೇಲಿನ ತುದಿಯಲ್ಲಿ ನೀರು ಮೊಣಕಾಲಿನಷ್ಟೇ ಇರುತ್ತದೆ. ಕೆಸರಿನ ಹುಳು, ಕಪ್ಪೆ, ಮರಿ ಮೀನುಗಳು ಅಲ್ಲಿ ಕೊಕ್ಕಿಗೆ ಎಟಕುತ್ತವೆ. ಅದರಲ್ಲೂ ನಾಲೆಗಳಿಗೆ ನೀರು ಬಿಟ್ಟು ಕೆರೆ ಇಳಿಯುತ್ತ ಹೋದಾಗ, ಹೊಸದಾಗಿ ತೆರೆದುಕೊಂಡ ಕೆಸರಂಚಿನಲ್ಲಿ ಕೊಕ್ಕರೆಗಳೂ ಚಳಿಗಾಲದ ವಲಸೆ ಹಕ್ಕಿಗಳೂ ಸೇರುತ್ತವೆ. ಅಂದಿನಿಂದ ಮಣ್ಣಿನ ಬಣ್ಣದ ಅಂಗಿ ತೊಟ್ಟು, ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಡದಲ್ಲಿ ಕುಳಿತು, ಆರೂವರೆಯಿಂದ ಎಂಟೂವರೆಯವರೆಗೆ ಮಾತ್ರ ನೋಡುತ್ತೇನೆ. ಎದುರು ಬಿಸಿಲಿನಲ್ಲಿ ಯಾವ ಹಕ್ಕಿಯೂ ಬರಿಯ ನೆರಳಷ್ಟೆ.

ಅತಿಥಿಗಳನ್ನು ಕರೆದೊಯ್ಯಲು ಆರಂಭಿಸಿದ ಮೊದಲ ಬೇಸಿಗೆಯಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಹಿನ್ನೀರಿನ ಪಕ್ಕದ ಬೋಳು ನೆಲದಲ್ಲಿ, ಕಲ್ಲುಗಳ ನಡುವೆ, ಟಿಟ್ಟಿಭದ ನಾಲ್ಕು ಮೊಟ್ಟೆಗಳಿದ್ದವು. ಅದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಐದು ಮಂದಿಯನ್ನು ಅಲ್ಲಿಗೆ ಕರೆದೊಯ್ದೆ. ತಡವಾಗಿ ಹೊರಟದ್ದರಿಂದ ಆಗಲೇ ಹತ್ತೂವರೆಯ ಬಿಸಿಲು. ಫೋಟೋಗಳಿಗೆಂದು ಮುಕ್ಕಾಲು ಗಂಟೆ ನಿಂತೆವು, ಹಕ್ಕಿಗಳೆರಡೂ ತಲೆಯ ಮೇಲೆ ಕೂಗುತ್ತಲೇ ಸುತ್ತಿದವು. ಕಾವು ಕೊಡುವುದೆಂದರೆ ಬಿಸಿ ಕೊಡುವುದು ಎಂದಷ್ಟೇ ತಿಳಿದಿದ್ದ ನನಗೆ, ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗಳಿಗೆ ನೆರಳಾಗಿ ನಿಲ್ಲುತ್ತದೆ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಅವನ್ನು ತಂಪಾಗಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಆ ಮೊಟ್ಟೆಗಳು ಒಡೆಯಲೇ ಇಲ್ಲ. ಈಗ ಗೂಡು ಕಂಡರೆ ಯಾರಿಗೂ ಹೇಳದೆ ದಾರಿ ಬದಲಿಸುತ್ತೇನೆ; ಮೊಬೈಲಿನಲ್ಲಿ ಹಕ್ಕಿಯ ಕೂಗು ಕೇಳಿಸಿ ಕರೆಯುವುದನ್ನೂ ಬಿಡಿಸಿದ್ದೇನೆ, ಅದರಿಂದ ಒಂದಿಬ್ಬರು ಅತಿಥಿಗಳು ಮುನಿಸಿಕೊಂಡದ್ದೂ ಉಂಟು.

ಎರಡು ದಿನಕ್ಕಿಂತ ಹೆಚ್ಚು ಉಳಿಯುವವರಿಗೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯವನ್ನು ಸೂಚಿಸುತ್ತೇನೆ, ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡು. ಅದು ಕೊಂಡುಕುರಿಗಾಗಿಯೇ ಹೆಸರಾದ ಒಣ ಕುರುಚಲು ಕಾಡು. ಗಂಡಿಗೆ ನಾಲ್ಕು ಕೊಂಬುಗಳಿರುವ ಆ ನಾಚಿಕೆಯ ಪ್ರಾಣಿಯನ್ನು ತೋರಿಸುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಡುವುದಿಲ್ಲ. ಪದೇ ಪದೇ ಒಂದೇ ಜಾಗದಲ್ಲಿ ಹಾಕಿದ ಅದರ ಹಿಕ್ಕೆಯ ಗುಡ್ಡೆ ಕಂಡರೂ ನನಗೆ ತೃಪ್ತಿ. ಅಡಿಕೆಯ ತಂಪಿನಿಂದ ಹೋದವರು ಅದೇ ಜಿಲ್ಲೆಯಲ್ಲಿ ಜಾಲಿ, ಕಾರೆಗಳ ನಡುವೆ ಕೌಜುಗದ ಕೂಗು ಕೇಳಿ ಬೆರಗಾಗುತ್ತಾರೆ.

ಈಗ ಬೆಳಿಗ್ಗೆ ಐದೂವರೆಗೆ ಕಾಫಿ ಇಡುತ್ತೇನೆ. ಎದ್ದವರು ಬರುತ್ತಾರೆ, ಮಲಗಿದವರನ್ನು ಎಬ್ಬಿಸುವುದಿಲ್ಲ. ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಜನರನ್ನು ಕರೆದೊಯ್ಯುವುದೂ ಇಲ್ಲ. ಕೆಸರಿನಲ್ಲಿ ಓಡಾಡುವ ಕಂದು ಬಣ್ಣದ ಸಣ್ಣ ಗೊರವಗಳ ಜಾತಿ ಬಿಡಿಸುವುದು ನನಗಿನ್ನೂ ಬಂದಿಲ್ಲ. ಪುಸ್ತಕದಲ್ಲಿ "ಗೊರವ, ಹನ್ನೆರಡು" ಎಂದಷ್ಟೇ ಬರೆದು, ಮುಂದೆ ಒಂದು ಸಾಲು ಖಾಲಿ ಬಿಡುತ್ತೇನೆ.